ಭೂಮಿ ನಡುಗಿತಂತೆ, ಗ್ರೂಪಿನಲ್ಲಿ ಬಂದಿದೆ

“ಪೇಪರ್ ಬಂತಾ?” ಎಂದು ಬೇಲಿಯಾಚೆಯಿಂದ ಈಗ ಯಾರೂ ಕೇಳುವುದಿಲ್ಲ ಮಾರಾಯ್ರೆ. “ಗ್ರೂಪ್ ನೋಡಿದಿರಾ?” ಎನ್ನುತ್ತಾರೆ. ನೋಡಿಲ್ಲ ಎಂದಿರೋ, ನೀವು ಊರಲ್ಲೇ ಇಲ್ಲದವರ ಲೆಕ್ಕ. ನಮ್ಮ ಮರ್ಕಂಜದಲ್ಲಿ ಒಬ್ಬೊಬ್ಬರ ಮೊಬೈಲಿನಲ್ಲಿ ಎಷ್ಟು ಗ್ರೂಪು ಉಂಟೆಂದು ಎಣಿಸಲು ಹೋಗಬಾರದು. ವಾರ್ಡಿನದ್ದು, ದೇವಸ್ಥಾನದ್ದು, ಸೊಸೈಟಿಯದ್ದು, ಹಾಲಿನ ಡೈರಿಯದ್ದು, ಅಡಿಕೆ ಧಾರಣೆಯದ್ದು, ಎಸ್ಸೆಸ್ಸೆಲ್ಸಿ ಬ್ಯಾಚಿನದ್ದು, ಕುಟುಂಬದ್ದು, ಕುಟುಂಬದೊಳಗೆ ಜಾಗದ ಜಗಳವಾಗಿ ಒಡೆದುಹೋದ ಇನ್ನೊಂದು ಕುಟುಂಬದ್ದು. ಒಂದೇ ಸುದ್ದಿ ಎಂಟೂ ಬಾಗಿಲಿನಿಂದ ಒಳಗೆ ಬರುತ್ತದೆ. ಎಂಟನೇ ಸಲ ಬಂದಾಗ ನಂಬದೆ ಇರಲಿಕ್ಕಾಗುತ್ತದಾ?

ಆಚೆಮನೆ ಭಾವನದ್ದೇ ಕೇಳಿ. 2022ರ ಜೂನ್ ಕೊನೆಯ ವಾರ ನೆನಪುಂಟಲ್ಲ? 25ನೇ ತಾರೀಕು ಒಮ್ಮೆ ಭೂಮಿ ನಡುಗಿತು, ರಿಕ್ಟರ್ ಮಾಪಕದಲ್ಲಿ 2.3. 28ರ ಬೆಳಿಗ್ಗೆ ಮತ್ತೊಮ್ಮೆ, ಈ ಸಲ 3.0. ಚೆಂಬು, ಸಂಪಾಜೆ, ಸುಳ್ಯದ ಸುತ್ತುಮುತ್ತ ಅಟ್ಟದ ಪಾತ್ರೆಗಳು ಗಲಗಲ ಅಂದವು. ಭಾವ ಅಂಗಳಕ್ಕೆ ಓಡಿದರು, ಓಡುತ್ತಲೇ ಮೊಬೈಲ್ ತೆಗೆದು ನೋಡಿದರು. ಆಮೇಲೆ ತಡಮ್ಮೆಯ ಹತ್ತಿರ ನಿಂತು, “ಹೌದು, ಭೂಕಂಪವೇ ಅಂತೆ, ಗ್ರೂಪಿನಲ್ಲಿ ಬಂದಿದೆ” ಎಂದರು. ಕಾಲಡಿಯ ನೆಲ ಹೇಳಿದ್ದು ಅವರಿಗೆ ಸಾಕಾಗಿರಲಿಲ್ಲ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಅಂಕಿ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರೊಳಗೆ ಇನ್ನೊಂದು ಮೆಸೇಜು: ರಾತ್ರಿ ಇದಕ್ಕಿಂತ ದೊಡ್ಡದು ಬರಲಿಕ್ಕುಂಟಂತೆ, ಒಳಗೆ ಮಲಗಬೇಡಿ. ಭೂಕಂಪ ಇಂಥ ಹೊತ್ತಿಗೆ ಬರುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಗೂ ಇನ್ನೂ ಒಲಿದಿಲ್ಲ. ಆ ಮೆಸೇಜು ಬರೆದ ಪುಣ್ಯಾತ್ಮನಿಗೆ ಒಲಿದಿತ್ತು. ಸುರಿಯುವ ಆಟಿ ಹತ್ತಿರದ ಮಳೆಯಲ್ಲಿ ಹೊರಗೆ ಎಲ್ಲಿ ಮಲಗುವುದು ಎಂಬುದನ್ನು ಮಾತ್ರ ಅವನು ಬರೆದಿರಲಿಲ್ಲ.

ಸುದ್ದಿಗೆ ಕಾಲೇ ಇಲ್ಲದ ಕಾಲವೂ ಇತ್ತು ಅನ್ನಿ. 1837ರಲ್ಲಿ ಸುಳ್ಯದಿಂದ ಹೊರಟ ರೈತರ ದಂಡು ಮಂಗಳೂರಿಗೆ ಹೋಗಿ ಕಂಪೆನಿಯ ಬಾವುಟ ಇಳಿಸಿತು. ಅದನ್ನು ಅಚ್ಚು ಹಾಕಲಿಕ್ಕೆ ಕನ್ನಡದಲ್ಲಿ ಒಂದು ಪತ್ರಿಕೆಯೂ ಇರಲಿಲ್ಲ. ಮೋಗ್ಲಿಂಗ್ ಸಾಹೇಬರು ಮಂಗಳೂರಿನಲ್ಲಿ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರ ಜುಲೈ 1ರಂದು, ಅದೂ ಹದಿನೈದು ದಿನಕ್ಕೊಮ್ಮೆ. ಆರು ವರ್ಷ ತಡವಾಯಿತು. ಈಗ ಆಗಿದ್ದರೆ ದಂಡು ಬಂಟ್ವಾಳ ದಾಟುವ ಮೊದಲೇ ಲೈವ್ ಶುರುವಾಗಿ, ಕಂಪೆನಿಯ ದೊರೆಗಳು ಅದನ್ನೇ ನೋಡಿಕೊಂಡು ಕಣ್ಣೂರಿನ ಹಡಗು ಹತ್ತುತ್ತಿದ್ದರು.

ನಮ್ಮ ತಲೆಮಾರಿನವರದ್ದು ಬಸ್ಸಿನ ಕಾಲ. ಉದಯವಾಣಿ 1970ರಲ್ಲಿ ಮಣಿಪಾಲದಿಂದ ಹೊರಟಿತು, ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಮಾತಾಡತೊಡಗಿತು. ಬೆಳಿಗ್ಗೆ ಏಳು ಐದರ ಪ್ರದೇಶ ಸಮಾಚಾರ ಮುಗಿದ ಮೇಲೆಯೇ ಹಟ್ಟಿಗೆ ಹೋಗುವುದು ಎಂಬ ಕ್ರಮ ಎಷ್ಟೋ ಮನೆಗಳಲ್ಲಿತ್ತು. ಪೇಪರಿನ ಕಟ್ಟು ಬಸ್ಸಿನಿಂದ ಇಳಿದು ಅಂಗಡಿ ಜಗಲಿಗೆ ಬೀಳುತ್ತಿತ್ತು. ಮಳೆಗಾಲದಲ್ಲಿ ಒದ್ದೆಯಾದ ಪೇಪರನ್ನು ಒಲೆಯ ಬದಿಯಲ್ಲಿ ಒಣಗಿಸಿ ಓದುತ್ತಿದ್ದೆವು. ಓದಿ ಮುಗಿದದ್ದನ್ನು ಗುಜರಿಯವ ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಹಳೇ ವಾಟ್ಸಾಪಿಗೆ ಹೀಗೆ ದುಡ್ಡು ಕೊಡುವವರು ಯಾರಾದರೂ ಇದ್ದರೆ ನಮ್ಮ ಭಾವ ಇಷ್ಟು ಹೊತ್ತಿಗೆ ಸಾಹುಕಾರರಾಗುತ್ತಿದ್ದರು.

ಆದರೆ ಊರಿನ ಮಟ್ಟಿಗೆ ದೊಡ್ಡ ಸಂಗತಿ ಎಂದರೆ ವಾರಪತ್ರಿಕೆ. ಡಾ. ಯು.ಪಿ. ಶಿವಾನಂದರು ಎಂಬತ್ತರ ದಶಕದಲ್ಲಿ ಸುಳ್ಯದಲ್ಲಿ ಶುರುಮಾಡಿದ ‘ಸುದ್ದಿ ಬಿಡುಗಡೆ’ ಬರುವವರೆಗೆ ನಮ್ಮ ಮೋರಿ ಕುಸಿದದ್ದು ಮಂಗಳೂರಿನ ಯಾವ ಪೇಪರಿಗೂ ಸುದ್ದಿಯಾಗಿರಲಿಲ್ಲ. ಆಮೇಲೆ ಆಯಿತು. ಗ್ರಾಮಸಭೆಯಲ್ಲಿ ಯಾರು ಎದ್ದು ನಿಂತು ಎಂತ ಕೇಳಿದರು, ಅಧಿಕಾರಿ ಎಂತ ಉತ್ತರ ಕೊಟ್ಟರು, ಕೊಡದೆ ಹೇಗೆ ಜಾರಿಕೊಂಡರು, ಎಲ್ಲ ಹೆಸರು ಸಮೇತ ಅಚ್ಚಾಗತೊಡಗಿತು. ತಮ್ಮ ಹೆಸರು ಪೇಪರಿನಲ್ಲಿ ಬರುತ್ತದೆಂದು ಗೊತ್ತಾದ ಮೇಲೆ ಕೇಳುವವರೂ ಸ್ವಲ್ಪ ಯೋಚಿಸಿ ಕೇಳಿದರು, ಉತ್ತರಿಸುವವರೂ ಫೈಲು ಓದಿಕೊಂಡು ಬಂದರು. ಸುಳ್ಯದಂಥ ಸಣ್ಣ ಪೇಟೆಯಲ್ಲಿ ಒಂದಲ್ಲ, ಒಂದಕ್ಕಿಂತ ಹೆಚ್ಚು ವಾರಪತ್ರಿಕೆಗಳು ಬದುಕಿದವು. ಈಗ ಅವುಗಳಿಗೆ ವೆಬ್‌ಸೈಟು, ಯೂಟ್ಯೂಬ್ ಚಾನೆಲ್ಲು ಎಲ್ಲ ಉಂಟು. ಬ್ರಹ್ಮಕಲಶ, ಕೋಲ, ಯಕ್ಷಗಾನ ಲೈವ್ ಬರುತ್ತದೆ, ದುಬೈಯಲ್ಲಿರುವ ಮಗ ಕೂತಲ್ಲೇ ಪ್ರಸಾದ ಒಂದು ಬಿಟ್ಟು ಎಲ್ಲ ಪಡೆಯುತ್ತಾನೆ. ಒಳ್ಳೆಯದೇ.

ಆ ಗ್ರಾಮಸಭೆಯ ವರದಿಗೆ ದುಡ್ಡು ಕೊಟ್ಟದ್ದು ಯಾರು ಎಂದುಕೊಂಡಿರಿ? ಚಂದಾ ಹಣ ಕಾಗದದ ಖರ್ಚಿಗೇ ಸರಿ. ವರದಿಗಾರನ ಬೈಕಿಗೆ ಪೆಟ್ರೋಲು ಹಾಕಿದ್ದು ನಮ್ಮ ಸತ್ತವರು. ಶ್ರದ್ಧಾಂಜಲಿ ಜಾಹೀರಾತು ನೋಡಿಲ್ವಾ? ಅಂಡಾಕಾರದ ಚೌಕಟ್ಟಿನಲ್ಲಿ ವೋಟರ್ ಐಡಿಯಿಂದ ಹಿಗ್ಗಿಸಿದ ಫೋಟೋ, ಕೆಳಗೆ ಉತ್ತರಕ್ರಿಯೆಯ ದಿನ, ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ’ ಎಂಬ ಸಾಲು, ಅದರ ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಪಟ್ಟಿ. ಒಂದು ಹೆಸರು ಬಿಟ್ಟುಹೋದರೆ ಹದಿಮೂರನೇ ದಿನ ಜಗಳ ಗ್ಯಾರಂಟಿ. ಮದುವೆಗೆ ಶುಭಾಶಯ, ಅಂಗಡಿ ಉದ್ಘಾಟನೆ, ಜಾತ್ರೆಗೆ ಸ್ವಾಗತ, ಹೀಗೆ ಊರಿನವರದ್ದೇ ಸಣ್ಣ ಸಣ್ಣ ದುಡ್ಡು ಸೇರಿ ಪತ್ರಿಕೆ ನಡೆಯುತ್ತಿತ್ತು.

ಈಗ ಸಾವು ಗ್ರೂಪಿಗೆ ಬರುತ್ತದೆ, ಖರ್ಚಿಲ್ಲದೆ. ಒಬ್ಬರು ‘ಓಂ ಶಾಂತಿ’ ಹಾಕಿದ ಕೂಡಲೇ ಸಾಲುಸಾಲಾಗಿ ಮುಗಿದ ಕೈಗಳು. ನಡುವೆ ಯಾರೋ ಇನ್ಯಾರದ್ದೋ ಹುಟ್ಟುಹಬ್ಬಕ್ಕೆ ಕೇಕು ಹಾಕಿಬಿಡುತ್ತಾರೆ. ಕೇಕಿನ ಕೆಳಗೆ ಮತ್ತೆ ಓಂ ಶಾಂತಿ. ಮದುವೆ ಕಾಗದವೂ ಹಾಗೆಯೇ, ಸ್ಟೇಟಸ್ಸಿನಲ್ಲಿ ಹಾಡು ಸಮೇತ. ಪೇಟೆಯ ಅಂಗಡಿಯವನು ಜಾಹೀರಾತಿನ ದುಡ್ಡನ್ನು ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಕಟ್ಟುತ್ತಾನೆ. ಅದು ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದವರು ಮರ್ಕಂಜದ ಗ್ರಾಮಸಭೆಗೆ ವರದಿಗಾರನನ್ನು ಕಳಿಸಿದ್ದನ್ನು ನಾನಂತೂ ಕಂಡಿಲ್ಲ.

ಡಿಜಿಟಲ್ ಎಂದರೆ ಹಾಳು ಎಂದು ಹೇಳುವ ಮುದುಕ ನಾನಲ್ಲ. 2021ರ ಜೂನಿನಲ್ಲಿ ಗುತ್ತಿಗಾರು ಸಮೀಪದ ಬಳ್ಳಕ್ಕದ ಚಿತ್ರ ನೆನಪಿರಬೇಕು. ಆನ್‌ಲೈನ್ ಪಾಠ ಕೇಳಲು ಹುಡುಗಿಯೊಬ್ಬಳು ಮಳೆಯಲ್ಲಿ ರಸ್ತೆಬದಿ ಕೂತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಸುಳ್ಯದ ಪತ್ರಕರ್ತರೊಬ್ಬರು ತೆಗೆದ ಆ ಫೋಟೋ ದೇಶವೆಲ್ಲ ಸುತ್ತಿತು. ಮೊದಲಿನ ಕಾಲವಾದರೆ ಒಳಪುಟದಲ್ಲಿ ಎರಡು ಕಾಲಮ್ಮಿಗೆ ಮುಗಿಯುತ್ತಿತ್ತು. ತಮಾಷೆ ನೋಡಿ, ನೆಟ್‌ವರ್ಕ್ ಇಲ್ಲ ಎಂಬ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದು ನೆಟ್‌ವರ್ಕೇ. ಆದರೂ ಅದಕ್ಕೆ ಮೊದಲು ಒಬ್ಬರು ಕ್ಯಾಮೆರಾ ಹಿಡಿದು, ಆ ರಸ್ತೆಯಲ್ಲಿ ಹೋಗಿ, ನಿಂತು ನೋಡಬೇಕಾಗಿತ್ತು. ಉಳಿದವರು ಬೆರಳಿನಲ್ಲಿ ಒತ್ತಿದ್ದು ಮಾತ್ರ.

ಅಡಿಕೆಯ ಎಲೆಚುಕ್ಕಿ ರೋಗದ ಕತೆ ಇನ್ನೊಂದು. ಹಳದಿ ಎಲೆ ರೋಗ ಈಗಾಗಲೇ ತಿಂದು ಮುಗಿಸಿದ ನಮ್ಮ ತೋಟಗಳಿಗೆ ಅದು ಮೇಲಿಂದ ಬಂದ ಪೆಟ್ಟು. ಬೋರ್ಡೋ ದ್ರಾವಣ ಎಲ್ಲರಿಗೂ ಬಾಯಿಪಾಠ: ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಹೊಸ ರೋಗಕ್ಕೆ ಹೊಸ ಮದ್ದು ಬಂದದ್ದೇ ಮೊಬೈಲಿನಲ್ಲಿ ದಿನಕ್ಕೊಬ್ಬ ಡಾಕ್ಟರು. ಒಬ್ಬ ಎರಡು ಮದ್ದು ಬೆರೆಸಿ ಎನ್ನುತ್ತಾನೆ, ಇನ್ನೊಬ್ಬ ಬೆರೆಸಿದರೆ ಸಿರಿ ಸುಟ್ಟುಹೋಗುತ್ತದೆ ಎನ್ನುತ್ತಾನೆ. ಇಬ್ಬರ ತೋಟವೂ ಎಲ್ಲಿ ಉಂಟೆಂದು ಗೊತ್ತಿಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀಪಡ್ರೆಯವರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ಲೇಖನದ ಜೊತೆ ಆ ಕೃಷಿಕರ ಹೆಸರು, ಊರು, ಫೋನ್ ನಂಬರು. ಸಂಶಯ ಬಂದರೆ ಫೋನು ಮಾಡಿ ಬೈಯಬಹುದಿತ್ತು, ಬಸ್ಸು ಹತ್ತಿ ಹೋಗಿ ತೋಟವನ್ನೂ ನೋಡಬಹುದಿತ್ತು.

ನನಗೆ ಬೇಕಾದದ್ದು ಅಷ್ಟೇ, ಬೈಯಲಿಕ್ಕೆ ಒಂದು ವಿಳಾಸ. ಮುದ್ರಕರು, ಪ್ರಕಾಶಕರ ಹೆಸರು ಅಚ್ಚಾಗಲೇಬೇಕೆಂಬುದು 1867ರ ಪತ್ರಿಕಾ ಕಾಯ್ದೆಯ ಕಟ್ಟಳೆಯಾಗಿತ್ತು. 2024ರ ಮಾರ್ಚಿನಿಂದ ಆ ಕಾಯ್ದೆಯ ಜಾಗಕ್ಕೆ ಹೊಸತು ಬಂದಿದೆ. ತಪ್ಪು ಹಾಕಿದ ಪೇಪರು ಮರುವಾರ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಾದರೂ, ವಿಷಾದಿಸುತ್ತದೆ. ಫಾರ್ವರ್ಡಿಗೆ ವಿಷಾದವಿಲ್ಲ. ವಾಟ್ಸಾಪಿನವರು 2018ರಲ್ಲಿ ನಮ್ಮ ದೇಶದಲ್ಲಿ ಒಮ್ಮೆಗೆ ಐದೇ ಕಡೆ ಕಳಿಸಬೇಕು ಎಂದರು, ತುಂಬ ಸುತ್ತಿದ ಸಂದೇಶಕ್ಕೆ 2020ರಲ್ಲಿ ಒಂದೇ ಎಂದರು. ಭಾವ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಭೂಕಂಪದ ಆ ಮೆಸೇಜು ಯಾರು ಬರೆದದ್ದೆಂದು ಕೇಳಿದರೆ, “ನನಗೆ ಬಂದದ್ದು, ಕಳಿಸಿದೆ” ಎಂದರು. ಊರಿಡೀ ಅದೇ ಉತ್ತರ.

ಹಾಗಾಗಿ ಬೇಲಿಯಿಂದಾಚೆಗೆ ಒಂದು ಮಾತು. ವಾರಪತ್ರಿಕೆಯ ಚಂದಾ ಮುಗಿದಿದ್ದರೆ ಕಟ್ಟಿ. ಮನೆಯಲ್ಲಿ ಮದುವೆಯೋ ಉತ್ತರಕ್ರಿಯೆಯೋ ಇದ್ದರೆ ಗ್ರೂಪಿಗೂ ಹಾಕಿ, ಪೇಪರಿಗೂ ಒಂದು ಸಣ್ಣ ಜಾಹೀರಾತು ಕೊಡಿ. ಮುಂದಿನ ಗ್ರಾಮಸಭೆಗೆ ವರದಿಗಾರ ಬಂದರೆ ಅವನಿಗೊಂದು ಕುರ್ಚಿ ಹಾಕಿ, ಮೈಕಿನ ಹತ್ತಿರ.