ತಪ್ಪಿಗೂ ಒಂದು ಫೀಸು

ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ "ಅರ್ಥ ಆಯ್ತಾ?" ಎಂಬ ಪ್ರಶ್ನೆಗೆ "ಆಯ್ತು ಸಾರ್" ಎನ್ನಲು ಮುಂದಿನ ಬೆಂಚಿನ ನಾಲ್ವರು ಸಾಕು. ಉಳಿದವರು ಬಾಯಿ ಆಡಿಸಿದರಾಯಿತು, ಮೇಷ್ಟ್ರಿಗೂ ನೆಮ್ಮದಿ, ಪಾಠವೂ ಮುಂದಕ್ಕೆ ಹೋಗುತ್ತದೆ. ಮನೆಪಾಠದಲ್ಲಿ ಈ ಅನುಕೂಲವಿಲ್ಲ. ಮೇಷ್ಟ್ರು ಒಬ್ಬರು, ಮಗು ಒಂದು. ಬಾಯಿ ಆಡಿಸಿದರೂ ಸಿಕ್ಕಿಬೀಳುತ್ತದೆ, ಆಡಿಸದಿದ್ದರೂ ಸಿಕ್ಕಿಬೀಳುತ್ತದೆ. ಲೆಕ್ಕದ ಟ್ಯೂಷನ್ನಿಗೆ ಫೀಸು ಕೊಡುವ ತಂದೆತಾಯಿಯರು ತಾವು ಸರಿಯುತ್ತರ ಕೊಳ್ಳುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಸರಿಯುತ್ತರ ಪುಸ್ತಕದ ಕೊನೆಯ ಪುಟಗಳಲ್ಲಿ ಪುಕ್ಕಟೆಯಾಗಿಯೇ ಇದೆ. ಅವರ ದುಡ್ಡಿಗೆ ಸಿಗುವ ನಿಜವಾದ ಸರಕು ತಪ್ಪುತ್ತರ, ಅದೂ ಯಾರೂ ನಗದ ಜಾಗದಲ್ಲಿ ಮಾಡಿದ, ಒಬ್ಬರು ಕೂತು ನೋಡಿದ ತಪ್ಪುತ್ತರ ಎಂಬುದು ನನ್ನ ವಾದ.

52ರಲ್ಲಿ 28 ಕಳೆದರೆ 36 ಎಂದು ಬರೆಯುವ ಮಗುವನ್ನೇ ನೋಡಿ. ಬಿಡಿ ಸ್ಥಾನದಲ್ಲಿ 8 ಮತ್ತು 2, ವ್ಯತ್ಯಾಸ 6; ಹತ್ತರ ಸ್ಥಾನದಲ್ಲಿ 5 ಮತ್ತು 2, ವ್ಯತ್ಯಾಸ 3. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಒಂದನೇ ತರಗತಿಯಲ್ಲಿ ಹೇಳಿಕೊಟ್ಟ ಮಾತನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಆಮೇಲೆ ನಾವು ಬಂದು, "ಎರಡರಲ್ಲಿ ಎಂಟು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಎನ್ನುತ್ತೇವೆ. ವಾಪಸು ಕೊಡುವ ಮಾತೇ ಇಲ್ಲದ ಈ ಸಾಲ ಏಳು ವರ್ಷದ ಮಗುವಿಗೆ ಕೂಡಲೇ ಒಪ್ಪಿಗೆಯಾಗದಿದ್ದರೆ ಅದರ ನಡತೆಯನ್ನು ಮೆಚ್ಚಬೇಕು. ಆದರೆ ಹತ್ತು ಲೆಕ್ಕಗಳಲ್ಲಿ ಸಾಲ ಬೇಡದ ಆರು ಸರಿಯಾಗಿ, ಬೇಕಾದ ನಾಲ್ಕು ತಪ್ಪಾದಾಗ ಶಾಲೆಯ ಪುಸ್ತಕದಲ್ಲಿ ಬೀಳುವುದು ನಾಲ್ಕು ಕೆಂಪು ಗೆರೆ, ಕೆಳಗೆ 'ಗಮನ ಸಾಲದು' ಎಂಬ ಷರಾ. ಗಮನವೇನೋ ಬೇಕಾದಷ್ಟಿತ್ತು, ಹಿಡಿದ ನಿಯಮ ಬೇರೆಯದಾಗಿತ್ತು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನು ಪಟ್ಟಿ ಮಾಡಿ, ಅನೇಕ ತಪ್ಪುಗಳ ಹಿಂದೆ ಒಂದು ಕಟ್ಟುನಿಟ್ಟಿನ ಕ್ರಮವಿದೆ ಎಂದು ತೋರಿಸಿದರು. ಆ ಕ್ರಮ ಯಾವುದೆಂದು ಪತ್ತೆ ಹಚ್ಚಬೇಕಾದರೆ ಮಗು ಬರೆಯುವಾಗ ಪಕ್ಕದಲ್ಲಿ ಕೂತು "ಇದು ಹೇಗೆ ಬಂತು?" ಎಂದು ಕೇಳಬೇಕು. ನಲವತ್ತು ಪುಸ್ತಕ ತಿದ್ದುವವರಿಗೆ ಆ ಪ್ರಶ್ನೆ ಕೇಳುವ ಪುರಸೊತ್ತೆಲ್ಲಿ?

ಒಬ್ಬರಿಗೊಬ್ಬರ ಪಾಠಕ್ಕೆ ದೊಡ್ಡ ಪ್ರಮಾಣಪತ್ರ ಕೊಟ್ಟವರು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್. 1984ರ ಅವರ ಪ್ರಬಂಧದ ಪ್ರಕಾರ, ಹೀಗೆ ಕಲಿತ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ಶೇಕಡಾ 98 ಮಂದಿಯನ್ನು ಹಿಂದೆ ಹಾಕಿದ. ಆಮೇಲಿನವರಿಗೆ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಲಾಭ ಇದೆ, ಪವಾಡ ಇಲ್ಲ ಎಂದರು. ಆದರೆ ಬ್ಲೂಮ್ ಹೇಳಿದ ಪಾಠದಲ್ಲಿ ಆಗಾಗ ಪರೀಕ್ಷಿಸಿ, ತಪ್ಪಿದ್ದನ್ನು ತಿದ್ದಿ, ಮತ್ತೆ ಪರೀಕ್ಷಿಸುವುದೂ ಸೇರಿತ್ತೆಂಬುದನ್ನು ಟ್ಯೂಷನ್ ಜಾಹೀರಾತುಗಳು ಹೇಳುವುದಿಲ್ಲ. ಒಬ್ಬರಿಗೊಬ್ಬರ ಪಾಠ ನಮಗೆ ಹೊಸದೇನಲ್ಲ: 1150ರ ಸುಮಾರಿನ ಭಾಸ್ಕರಾಚಾರ್ಯರ ಗಣಿತಗ್ರಂಥ 'ಲೀಲಾವತಿ'ಯೂ ಒಂದರ್ಥದಲ್ಲಿ ಮನೆಪಾಠವೇ. ಲೆಕ್ಕದ ಮೇಲೆ ಲೆಕ್ಕ ಒಬ್ಬ ಬಾಲೆಯನ್ನು ಕರೆದು ಕೇಳಿದಂತಿದೆ. ಆಕೆ ಆಚಾರ್ಯರ ಮಗಳೇ ಎಂಬುದು ಐತಿಹ್ಯ. ನನಗಿರುವ ದೂರು ಒಂದೇ: ಪುಸ್ತಕದುದ್ದಕ್ಕೂ ಆ ಹುಡುಗಿ ಬಾಯಿಬಿಡುವುದಿಲ್ಲ. ಆಕೆ ಮಾಡಿದ ನಾಲ್ಕು ತಪ್ಪುಗಳನ್ನೂ ಅಪ್ಪ ಬರೆದಿಟ್ಟಿದ್ದರೆ ಸುಮಾರು ಒಂಬೈನೂರು ವರ್ಷಗಳಿಂದ ಮಕ್ಕಳಿಗೆ ಧೈರ್ಯ ಬರುತ್ತಿತ್ತು.

"ನಾವೆಲ್ಲ ಟ್ಯೂಷನ್ನೇ ಇಲ್ಲದೆ ಓದಿದವರು" ಎಂಬ ಹಿರಿಯರ ಆಕ್ಷೇಪಕ್ಕೆ ಉತ್ತರ ಸುಲಭ. ಹಾಗೆ ಓದಿ ಪಾಸಾದವರು ಹೇಳುವುದನ್ನು ಕೇಳುತ್ತೇವೆ. ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವರು ಆತ್ಮಕಥೆ ಬರೆಯಲಿಲ್ಲ. ಮಗು ಮೇಷ್ಟ್ರಿಗೆ ಜೋತುಬೀಳುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಅದರ ಹೊಣೆ ಅರ್ಧ ನಮ್ಮದೇ. ಒಳಗೆ ಲೆಕ್ಕ ನಡೆದಿರುವಾಗ ಹಜಾರದಲ್ಲಿ ಕೂತ ಅಪ್ಪನಿಗೆ ಹತ್ತು ನಿಮಿಷ ಏನೂ ಕೇಳಿಸದಿದ್ದರೆ, ಫೀಸನ್ನು ನಿಮಿಷಕ್ಕೆ ಭಾಗಿಸಿ ಎಷ್ಟು ವ್ಯರ್ಥವಾಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. (ಈ ಭಾಗಾಕಾರ ಮಾತ್ರ ಯಾರಿಗೂ ತಪ್ಪುವುದಿಲ್ಲ.) ಅದನ್ನು ಬಲ್ಲ ಮೇಷ್ಟ್ರು ಜೋರಾಗಿ ವಿವರಿಸುತ್ತಾರೆ, ಕೊನೆಗೆ ಪೆನ್ಸಿಲ್ ಕಸಿದು ತಾವೇ ಬಿಡಿಸುತ್ತಾರೆ. ಮೇಷ್ಟ್ರ ಲೆಕ್ಕ ಸುಧಾರಿಸುತ್ತದೆ.

ಉಳ್ಳವರ ಮಕ್ಕಳಿಗೆ ಮಾತ್ರ ಇಂಥ ಪಾಠ ದಕ್ಕುತ್ತದೆ ಎಂಬ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬ್ಲೂಮ್ ಕೂಡ ಈ ಖರ್ಚು ಬಹಳ ಸಮಾಜಗಳಿಗೆ ಹೆಚ್ಚಾಯಿತೆಂದೇ ತರಗತಿಯಲ್ಲಿ ಇಂಥ ಫಲ ತರುವ ದಾರಿ ಹುಡುಕಿ ಎಂದಿದ್ದರು. ದಕ್ಷಿಣ ಕೊರಿಯಾ 1980ರಲ್ಲಿ ಖಾಸಗಿ ಪಾಠವನ್ನು ನಿಷೇಧಿಸಿ ನೋಡಿತು. ಪಾಠ ಕದ್ದುಮುಚ್ಚಿ ನಡೆಯಿತು. 2000ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ನಿಷೇಧ ಸಲ್ಲದೆಂದಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಶಿಕ್ಷಕರು ಮಾತ್ರ ಖಾಸಗಿ ಟ್ಯೂಷನ್ ಹೇಳಬಾರದೆನ್ನುತ್ತದೆ. ಆದರೆ "ಇದು ಹೇಗೆ ಬಂತು?" ಎಂದು ಕೇಳಲು ಗಣಿತದ ಪದವಿ ಬೇಕಿಲ್ಲ, ಕಳೆಯುವ ಲೆಕ್ಕ ಬಲ್ಲ ಅಕ್ಕ, ಅಜ್ಜಿ, ಪಕ್ಕದ ಮನೆಯ ಕಾಲೇಜು ಹುಡುಗ ಯಾರಾದರೂ ಕೇಳಬಹುದು. ಫೀಸು ಕೊಡುತ್ತಿರುವವರಿಗೆ ಒಂದು ವಿನಂತಿ: ಮೇಷ್ಟ್ರು ಹೊರಡುವಾಗ ಎಷ್ಟು ಲೆಕ್ಕ ಮಾಡಿಸಿದಿರಿ ಎನ್ನುವ ಬದಲು ಇವತ್ತು ಯಾವ ತಪ್ಪು ಸಿಕ್ಕಿತು ಎಂದು ಕೇಳಿ. ಕಾಫಿ ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು.