ಲೀಕೇಜ್ ಕಾಕಾ

ಬೀದರ್‌ನಲ್ಲಿ ಮದುವೆ. ಅಕ್ಷತೆಗೆ ಹೊತ್ತಾಗಿದೆ. ಅಂಗಳದಲ್ಲಿ ನಿಂತ ಕಾರಿಗೆ ಕೀಲಿ ಹಾಕಿ ತಿರುವಿದರೆ ‘ಟಕ್’ ಅಂತ ಒಂದೇ ಸದ್ದು, ಮುಂದೆ ಮೌನ. ಗಡಿಯಾಚೆ ತೆಲಂಗಾಣದ ನ್ಯಾಲ್ಕಲ್ ಸೀಮೆಯ ಮನೆಗಳಿಗೆ ಇದು ಹೊಸದೇನಲ್ಲ. ಮಗ ಹೈದರಾಬಾದಿನಲ್ಲಿ, ಕಾರು ಊರಲ್ಲಿ. ಮದುವೆಗೋ, ಝರಾಸಂಗಮದ ಜಾತ್ರೆಗೋ, ಜಹೀರಾಬಾದಿನ ದವಾಖಾನೆಗೋ ಹೊರಟಾಗಷ್ಟೇ ಅದರ ಮೈಮೇಲಿನ ಕೆಂಪು ಧೂಳು ಒರೆಸುವುದು. ಅವತ್ತಿನ ಮಟ್ಟಿಗೆ ಓಣಿಯ ಹುಡುಗರು ಧಕ್ಕಾ ಹೊಡೆದು ಸಾಗಹಾಕುತ್ತಾರೆ. ಮರುದಿನ ಕಾಕಾ ಬರುತ್ತಾರೆ.

ಕಾಕಾ ಮಿಸ್ತ್ರಿಯಲ್ಲ. ಗ್ಯಾರೇಜ್ ಇಟ್ಟವರೂ ಅಲ್ಲ. ಒಂದು ಕಾಲಕ್ಕೆ ಎಲ್ಲೋ ಮೋಟರು ವೈಂಡಿಂಗ್ ಕಲಿತಿದ್ದರಂತೆ, ಆಮೇಲೆ ಹೊಲ ಮನೆ ಅಂತ ಇದ್ದುಬಿಟ್ಟರು. ಆದರೆ ಟವೆಲಿನಲ್ಲಿ ಸುತ್ತಿದ ಒಂದು ಹಳದಿ ಮೀಟರು ಅವರ ಬಳಿ ಇದೆ. ಮೀಟರು ಇದ್ದವರಿಗೆ ಊರಲ್ಲಿ ಬೇರೆಯೇ ಕುರ್ಚಿ. ಲೋಕದಲ್ಲಿ ಕಾಣೆಯಾದದ್ದೆಲ್ಲ ಸೋರಿಹೋದದ್ದೇ ಎಂಬುದು ಅವರ ಸಿದ್ಧಾಂತ. ಟ್ಯಾಂಕಿನ ನೀರು, ಎಮ್ಮೆಯ ಹಾಲು, ಅಳಿಯನ ಪಗಾರ, ಯಾವುದೇ ಇರಲಿ, “ಯಾರೂ ಖರ್ಚು ಮಾಡಿಲ್ಲ ಅಂದ್ರ ಅದು ಲೀಕೇಜೇ” ಎನ್ನುತ್ತಾರೆ. ಹಿಂದೆಯೇ ಉಳಿದವರ ಸಲಹೆಗಳು ಬರುತ್ತವೆ: ಬ್ಯಾಟ್ರಿ ಬದಲಿಸ್ರಿ, ಡೈನಮೋ ಹೋಗ್ಯಾದ, ಬ್ಯಾಟ್ರಿ ನೆಲದ ಮ್ಯಾಲ ಇಟ್ಟಿದ್ರಿ ಅದಕ್ಕ ಇಳದದ. ತಾಂಡೂರ ಬಂಡೆಯ ಕಟ್ಟೆ ಮೇಲೆ ಕೂತ ಕಾಕಾ ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಾರೆ: “ಹೊಸ ಬ್ಯಾಟ್ರಿ ಹಾಕಿದ್ರ ಹೊಸ ಬ್ಯಾಟ್ರಿ ಇಳೀತದ. ಅಷ್ಟೇ.”

ಆ ಅಂಗಳ ನೋಡುವಂಥದ್ದು. ಹಳೆಯ ಟ್ರ್ಯಾಕ್ಟರಿನ ನಂಬರ್ ಎಪಿ 23, ಕಾರಿನದು ಟಿಎಸ್ 15, ಮೊಮ್ಮಗನ ಬೈಕು 2024ರ ನಂತರದ್ದಾದ್ದರಿಂದ ಟಿಜಿ 15, ಹಬ್ಬಕ್ಕೆ ಬಂದ ಅಳಿಯನ ಕಾರು ಕೆಎ 38. ಗಾಡಿಗಳ ಮಾತೇಕೆ, ಊರೇ ಹಾಗೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಬಿಟ್ಟು ಆಂಧ್ರದ ಮೆದಕಕ್ಕೆ ಹೋಯಿತು, 2014ರಲ್ಲಿ ತೆಲಂಗಾಣದ್ದಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ ಸೇರಿತು. ನಿಂತಲ್ಲೇ ನಿಂತು ಇಷ್ಟು ತಿರುಗಾಡಿದ ಊರು. ಇಂಥ ಊರಿನವರಾದ ಕಾಕಾಗೆ, ನಿಂತ ಗಾಡಿಯೊಳಗೆ ಏನೋ ನಡೆಯುತ್ತಿದೆ ಎಂದರೆ ಅಚ್ಚರಿಯೇ ಆಗುವುದಿಲ್ಲ. ಬೈಯುವುದು ಕನ್ನಡದಲ್ಲಿ, ಅರ್ಜಿ ಬರೆಯುವುದು ತೆಲುಗಿನಲ್ಲಿ, ಲೆಕ್ಕ ಮಾಡುವುದು ಮಾತ್ರ ಉರ್ದುವಿನಲ್ಲಿ.

ರಾತ್ರಿಯೆಲ್ಲ ಚಾರ್ಜಿಗೆ ಇಟ್ಟ ಬ್ಯಾಟ್ರಿ 12.6 ವೋಲ್ಟ್ ತೋರಿಸಬೇಕು, ಅದಕ್ಕೆ ಮುಂಚೆ ಕಾಕಾ ಬಾನೆಟ್ಟಿನ ಹತ್ತಿರವೂ ಸುಳಿಯುವುದಿಲ್ಲ. ಮೊದಲ ಚಮತ್ಕಾರ ತೀರ ಸರಳ. ಮೀಟರಿನ ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ಹಚ್ಚಿ, ಕೆಂಪು ಕಡ್ಡಿಯ ಮೊನೆಯನ್ನು ಬ್ಯಾಟ್ರಿಯ ನೆತ್ತಿಯ ಬರೀ ಪ್ಲಾಸ್ಟಿಕ್ಕಿನ ಮೇಲೆ ಇಡುತ್ತಾರೆ. ಮುಳ್ಳೇ ಇಲ್ಲದ ಆ ಮೀಟರಿನ ಅಂಕಿಗಳು ನಡುಗಿ, ಎರಡು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಧೂಳು, ಆಸಿಡ್ಡಿನ ಪಸೆ ಎರಡೂ ಕೂಡಿ ಪ್ಲಸ್ಸಿನಿಂದ ಮೈನಸ್ಸಿಗೆ ಕಳ್ಳದಾರಿ ಮಾಡಿಕೊಂಡಿವೆ. ತಿನ್ನುವ ಸೋಡಾ ಕಲಸಿದ ನೀರು ಸವರಿದರೆ ಬುಸುಬುಸು ನೊರೆ. ಒರೆಸಿದ ಮೇಲೆ ಅಂಕಿ ಸೊನ್ನೆಗೆ ಬರುತ್ತದೆ. “ಇದು ಚಿಲ್ಲರೆ ಕಳ್ಳ. ದೊಡ್ಡಾಂವ ಒಳಗದಾನ.” ನೆಲಕ್ಕಿಟ್ಟರೆ ಬ್ಯಾಟ್ರಿ ಇಳಿಯುತ್ತದೆ ಎಂದವನಿಗೆ ಕಾಕಾ ಆಗಲೇ ಉತ್ತರಿಸುವುದು: ಆ ಮಾತು ಕಟ್ಟಿಗೆ ಪೆಟ್ಟಿಗೆಯ ಬ್ಯಾಟ್ರಿಗಳ ಕಾಲದ್ದು, ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಬಂಡೆಯೂ ಒಂದೇ ಗಾದಿಯೂ ಒಂದೇ.

ಆಮೇಲೆ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟ್ರಿಗೂ ನಡುವೆ ಮೀಟರು ಸೇರಿಸುತ್ತಾರೆ, ಕೆಂಪು ವೈರು ಹತ್ತು ಆಂಪಿಯರಿನ ತೂತಿಗೆ. ಹರಿಯುವ ಕರೆಂಟೆಲ್ಲ ಈಗ ಮೀಟರಿನ ಹೊಟ್ಟೆಯಿಂದಲೇ ಹೋಗಬೇಕು. “ಯಾರೂ ಕೀಲಿ ತಿರುವಬ್ಯಾಡ್ರಿ” ಎಂದು ಸಾರಿ ಮುಗಿಸುವುದರೊಳಗೆ ಅಳಿಯ ‘ಬರೇ ನೋಡೋಣಂತ’ ತಿರುವಿಯೇ ಬಿಟ್ಟಿರುತ್ತಾನೆ. ಸೆಲ್ಫ್ ಕೇಳುವುದು ನೂರು ಆಂಪಿಯರಿಗೂ ಮೇಲೆ, ಮೀಟರು ತಾಳುವುದು ಹತ್ತು. ಮೀಟರಿನೊಳಗಿನ ಫ್ಯೂಜ್ ಹೋಗುತ್ತದೆ. ಕಾಕಾ ಸಿಟ್ಟಾಗುವುದಿಲ್ಲ. ತಂಬಾಕಿನ ಡಬ್ಬಿ ತೆಗೆದು ಸ್ಪೇರ್ ಫ್ಯೂಜ್ ಹಾಕುತ್ತಾರೆ. ಎಲ್ಲ ಮನೆಯಲ್ಲೂ ಒಬ್ಬ ಅಳಿಯ ಇರುತ್ತಾನೆಂದು ಅವರಿಗೆ ಗೊತ್ತು. ಕೀಲಿಯನ್ನು ಮಾತ್ರ ಕಸಿದುಕೊಂಡು ಮನೆಯ ಆಯಿಯ ಕೈಗೆ ಕೊಟ್ಟು, ಸೆರಗಿನ ತುದಿಗೆ ಗಂಟು ಹಾಕಿಸಿ, ಆಕೆಯನ್ನು ಪಡಸಾಲೆಯಲ್ಲಿ ದೂರ ಕೂಡಿಸುತ್ತಾರೆ.

ಈಗ ಗಾಡಿ ಮಲಗಬೇಕು.

ಇದು ಕಾಕಾರ ಪೂಜೆಯ ಮುಖ್ಯ ಘಟ್ಟ. ಹಳೆಯ ಟ್ರ್ಯಾಕ್ಟರಿಗೆ ಈ ತಾಪತ್ರಯವಿಲ್ಲ, ಕೀಲಿ ತೆಗೆದರೆ ಕಲ್ಲು. ಕಾರಿನೊಳಗೆ ಸಣ್ಣಪುಟ್ಟ ಕಂಪ್ಯೂಟರುಗಳಿವೆ, ಕೀಲಿ ತೆಗೆದ ಮೇಲೂ ಇಪ್ಪತ್ತು ಮೂವತ್ತು ನಿಮಿಷ ಅವು ಪಿಸುಗುಡುತ್ತಿರುತ್ತವೆ. ಫ್ಯೂಜ್ ಪೆಟ್ಟಿಗೆಗೆ ಕೈ ಹಾಕಲು ಬಾಗಿಲು ತೆರೆದಿಡಬೇಕು, ತೆರೆದರೆ ಗಾಡಿ ಎದ್ದೇ ಇರುತ್ತದೆ. ಅದಕ್ಕೆ ಕಾಕಾ ಬಾಗಿಲಿನ ಅಂಚಿನ ಚಿಲಕದೊಳಗೆ ಸ್ಕ್ರೂಡ್ರೈವರ್ ತೂರಿಸಿ ಕೊಕ್ಕೆಯನ್ನು ‘ಕ್ಲಿಕ್’ ಅಂತ ಮುಚ್ಚಿಸುತ್ತಾರೆ. ಬಾಗಿಲು ತೆರೆದೇ ಇದೆ, ಗಾಡಿ ಮಾತ್ರ ಮುಚ್ಚಿತೆಂದು ನಂಬಿ ದೀಪ ಆರಿಸುತ್ತದೆ. ಇಷ್ಟು ನಾಜೂಕಿನ ಮೋಸವನ್ನು ನಾನು ಇಲೆಕ್ಷನ್ನಿನಲ್ಲೂ ಕಂಡಿಲ್ಲ.

“ಸುಮ್ಮಕ ಕೂಡ್ರಿ. ಗಾಡಿ ಮಲಗ್ಲತ್ತದ.”

ಓಣಿಯೇ ಪಿಸುಮಾತಿಗೆ ಇಳಿಯುತ್ತದೆ. ಆಯಿ ಏನೋ ಹೇಳಲು ಬಾಯಿ ತೆರೆದರೆ ಕಾಕಾ ತುಟಿಯ ಮೇಲೆ ಬೆರಳಿಡುತ್ತಾರೆ. ಚಹಾ ತಂದ ಸೊಸೆ ಕಪ್ಪು ಸಾಸರು ಸಪ್ಪಳವಾಗದ ಹಾಗೆ ಇಟ್ಟುಹೋಗುತ್ತಾಳೆ. ಗಾಡಿಗೆ ಕಿವಿಯಿಲ್ಲ, ಬಾಗಿಲಿನ ಸ್ವಿಚ್ಚೊಂದೇ ಅದಕ್ಕೆ ಗೊತ್ತು ಎಂಬುದು ಕಾಕಾಗೂ ತಿಳಿದದ್ದೇ. ಆದರೆ ಹತ್ತು ಮಂದಿ ಬಾಯಿ ಮುಚ್ಚುವ ಅವಕಾಶ ಅವರಿಗಾದರೂ ಎಷ್ಟು ಸಲ ಸಿಕ್ಕೀತು! ಅಷ್ಟರಲ್ಲಿ ದಾರಿಹೋಕನೊಬ್ಬ ಬಂದು “ಏನಾಗ್ಯಾದ್ರಿ ಕಾಕಾ?” ಎನ್ನುತ್ತ ಹಿಂದಿನ ಬಾಗಿಲು ತೆಗೆದು ಇಣುಕುತ್ತಾನೆ. ಮೀಟರು ಜಿಗಿಯುತ್ತದೆ. ಮತ್ತೆ ಮೊದಲಿನಿಂದ.

ಕೊನೆಗೆ ಅಂಕಿ 0.45 ಆಂಪಿಯರಿಗೆ ನಿಂತು ಅಲುಗುವುದಿಲ್ಲ. ಮಲಗಿದ ಗಾಡಿ 0.05ಕ್ಕಿಂತ ಹೆಚ್ಚು ತಿನ್ನಬಾರದು. ಕಾಕಾ ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಾರೆ: ದಿನಕ್ಕೆ ಹತ್ತಿರ ಹತ್ತಿರ ಹನ್ನೊಂದು ಆಂಪಿಯರ್-ಅವರ್, ಬ್ಯಾಟ್ರಿ ಮೂವತ್ತೈದರದ್ದು. ಎರಡು ದಿನ ನಿಂತರೆ ಸೆಲ್ಫ್ ಗೊಣಗುತ್ತದೆ, ಮೂರಕ್ಕೆ ಧಕ್ಕಾ. ಇನ್ನು ಫ್ಯೂಜುಗಳ ಸರದಿ. ಒಂದೊಂದೇ ಕೀಳುವುದು, ಮೀಟರು ನೋಡುವುದು, ಹಾಕುವುದು. ಹಾರ್ನಿನದು ನಿರಪರಾಧಿ. ವೈಪರಿನದೂ. ಟೇಪಿನ ಮೇಲೆ ಕಾಕಾಗೆ ಮೊದಲಿಂದಲೂ ಗುಮಾನಿ, ಆದರೆ ಅದೂ ನಿರ್ದೋಷಿ. ಒಳಗಿನ ದೀಪದ ಫ್ಯೂಜ್ ಕೀಳುತ್ತಲೂ ಅಂಕಿ ದಡಕ್ಕನೆ 0.02ಕ್ಕೆ ಕುಸಿಯುತ್ತದೆ.

ಆದರೆ ಒಳಗಿನ ದೀಪ ಆರಿಯೇ ಇದೆಯಲ್ಲ? ಕಾಕಾ ನಿಧಾನವಾಗಿ ಡಿಕ್ಕಿಯ ಕಡೆ ತಿರುಗುತ್ತಾರೆ. ಡಿಕ್ಕಿ ತೆರೆದಾಗ ಹತ್ತುವ ದೀಪ ಮುಚ್ಚಿದಾಗ ಆರಿತೆಂದು ಕಂಡವರು ಯಾರು? ಫ್ಯೂಜ್ ಮತ್ತೆ ಕೂಡಿಸಿ, ಮೊಮ್ಮಗನ ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಒಳಗಿಟ್ಟು ಮುಚ್ಚುತ್ತಾರೆ. ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಡಿಕ್ಕಿಯೊಳಗಿಂದ ಮೊಬೈಲು ಹಾಡತೊಡಗುತ್ತದೆ. ಕಾಕಾರ ಮನೆಯಿಂದ ಊಟಕ್ಕೆ ಕರೆ. ವಿಡಿಯೋ ನಿಂತಿತು, ಮತ್ತೆ ಇಡಬೇಕಾಯಿತು. ಎರಡನೆಯ ಸಲ ತೆಗೆದು ನೋಡಿದರೆ ಚಿತ್ರದಲ್ಲಿ ಡಿಕ್ಕಿ ಮುಚ್ಚಿದೆ, ದೀಪ ಧಗಧಗ ಉರಿಯುತ್ತಿದೆ. ಶುಂಠಿ ಚೀಲ ತುರುಕುವಾಗ ಸ್ವಿಚ್ಚು ಒಳಗೆ ಸರಿದುಹೋಗಿತ್ತು.

ಕಾಕಾ ಐದು ವ್ಯಾಟಿನ ಬಲ್ಬು ಕಿತ್ತು ತಂಬಾಕಿನ ಡಬ್ಬಿಗೆ ಹಾಕಿಕೊಂಡರು. ಗಾಡಿ ಮತ್ತೆ ಮಲಗಿತು. ಮೀಟರು 0.03.

“ಅದೂ ಯಾಕ ಇರಬೇಕ್ರಿ?” ಯಜಮಾನರಿಗೆ ಸೊನ್ನೆಯೇ ಬೇಕು.

“ಗಡಿಯಾರ, ಟೇಪಿನ ನೆನಪು, ಲಾಕು. ಇದು ಲೀಕೇಜ್ ಅಲ್ರಿ, ಸಂಸಾರ.”

ಆಗ ಪಡಸಾಲೆಯಿಂದ ಆಯಿ ಸೆರಗಿನ ಗಂಟು ಬಿಚ್ಚುತ್ತ ಅಂದಳು: “ದಿನಾ ನಸಕ್ನಾಗ ಅಂಗಳಕ ನೀರ ಹೊಡೀಲಾಕ ಎದ್ದಾಗ ಹಿಂದಿನ ಕಾಚಿನ್ಯಾಗ ಬೆಳಕ ಕಾಣ್ತಿತ್ತು.”

“ಮೊದಲೇ ಹೇಳಬಾರದೇನವ್ವಾ?” ಅಂದರು ಕಾಕಾ.

“ಗಾಡಿ ಮಲಗ್ಲತ್ತದ, ಸುಮ್ಮಕ ಕೂಡ್ರಿ ಅಂದಾಂವ ಯಾರು?”