ಕೊನೆಯ ಕಂತು

ಮನೆ ಕಟ್ಟುವುದು ಅಂಥ ಕಷ್ಟವಲ್ಲ. ಕಟ್ಟಿದ್ದನ್ನು ಯಜಮಾನರಿಗೆ ಒಪ್ಪಿಸುವುದಿದೆಯಲ್ಲ, ಅದು ಕಷ್ಟ. ಪಾಯ ತೆಗೆದಂದಿನಿಂದ ದಿನಾ ಸಂಜೆ ಬಂದು, ಮರಳಿನ ಗುಡ್ಡೆ ಪಕ್ಕ ನಿಂತು ಕಾಫಿ ಕುಡಿದು, ‘ಎಲ್ಲಾ ನಿಮಗೇ ಬಿಟ್ಟಿದ್ದೀನಿ ಇಂಜಿನಿಯರ್ರೇ’ ಎಂದು ಹೋಗುತ್ತಿದ್ದವರು, ಬೀಗದ ಕೈ ಇಸಿದುಕೊಳ್ಳುವ ದಿನ ಭಾವಮೈದುನನನ್ನು ಕರೆದುಕೊಂಡು ಬರುತ್ತಾರೆ. ಇದಕ್ಕೆಂದೇ ಪ್ರತಿ ಮನೆತನದಲ್ಲೂ ಒಬ್ಬ ಭಾವಮೈದುನ ಇರುತ್ತಾನೆ. ಅವನ ಜೇಬಿನಲ್ಲಿ ಒಂದು ನಾಣ್ಯ, ಒಂದು ಗೋಲಿ.

ನಾಣ್ಯ ಟೈಲ್ಸ್ ಬಡಿಯಲು. ಅಡಿಯಲ್ಲಿ ಗಾರೆ ತುಂಬದ ಕಡೆ ಟೊಳ್ಳು ಸದ್ದು ಬರುವುದು ನಿಜ. ಆದರೆ ಈತ ಬಡಿದು ಕಿವಿಗೊಡುವ ಗತ್ತು ಮೃದಂಗಕ್ಕೆ ಶ್ರುತಿ ಸೇರಿಸುವ ವಿದ್ವಾಂಸನದು. ಗೋಲಿ ಬಚ್ಚಲಿಗೆ. ಅದು ಜಾಲರಿಯತ್ತ ಸರಸರ ಉರುಳಿದರೆ ‘ವಾಟ ಜಾಸ್ತಿಯಾಯ್ತು, ಅಮ್ಮ ಜಾರಿ ಬೀಳ್ತಾರೆ’. ನಿಂತರೆ ‘ವಾಟಾನೇ ಇಲ್ಲ’.

ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಯಜಮಾನರು ರೇರಾ ಎತ್ತುತ್ತಾರೆ. ಗಾರೆ ಒಣಗುವಾಗ ಕುಗ್ಗುತ್ತದೆ, ಇದು ಪ್ಲಾಸ್ಟರಿನ ಬಿರುಕು ಎಂದರೆ ಕೇಳುವವರಾರು? 2016ರ ಆ ಕಾಯಿದೆಯಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರು 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಅದು ಕಟ್ಟಿ ಮಾರುವವರಿಗೆ. 30-40ರ ಸೈಟಿನಲ್ಲಿ ವಾಸಕ್ಕೆಂದು ಕಟ್ಟಿಸಿಕೊಂಡ ಮನೆಗಲ್ಲ. ಆದರೆ ಕಾಯಿದೆಯ ಕೈ ತಲುಪದ ಕಡೆಗೂ ಭಾವಮೈದುನನ ಕೈ ತಲುಪುತ್ತದೆ.

ಪಟ್ಟಿ ಮುಗಿಯುವ ಮೊದಲೇ ಆಷಾಢ ಹತ್ತಿರ ಬರುತ್ತದೆ. ಪೇಂಟು ಹಸಿ ಇರುವಾಗಲೇ ಗೃಹಪ್ರವೇಶ. ಹೊಳೆಯುವ ಹಾಲಿಗೆ ಕಾಲಿಡಲಾರೆನೆಂದು ಹಸು ಹೊಸಿಲಲ್ಲೇ ಮುಷ್ಕರ ಹೂಡುತ್ತದೆ. ಹೋಮದ ಹೊಗೆಗೆ ಬಿಳಿ ಚಾವಣಿ ಮಂಕಾಗುತ್ತದೆ. ಯಜಮಾನರು ಪಂಚೆಯಲ್ಲೇ ಕತ್ತೆತ್ತಿ, ‘ಏನ್ರೀ, ಪೇಂಟು ಇಷ್ಟು ಬೇಗ ಕಪ್ಪಾಯ್ತು?’ ಎನ್ನುತ್ತಾರೆ. ಪಟ್ಟಿಗೆ ಅದೂ ಸೇರುತ್ತದೆ.

ಈ ಎಲ್ಲ ತಕರಾರಿಗೂ ಪಾಯ ಕೊನೆಯ ಕಂತು. ದುಡ್ಡು ಪೂರ್ತಿ ಕೊಟ್ಟರೆ ನಾನು ಫೋನ್ ಎತ್ತುವುದಿಲ್ಲವೆಂದು ಅವರಿಗೆ ಭಯ. ಕೆಲಸ ಪೂರ್ತಿ ಮುಗಿಸಿದರೆ ಅವರು ಎತ್ತುವುದಿಲ್ಲವೆಂದು ನನಗೆ. ಸರ್ಕಾರಿ ಕಾಮಗಾರಿಯಾದರೆ ಭದ್ರತಾ ಠೇವಣಿ ಎಂದು ಕರಾರಿನಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಬಾಯಿಬಿಟ್ಟು ಹೇಳದೆಯೇ ನಡೆಯುತ್ತದೆ: ಅವರು ಒಂದಿಷ್ಟು ಬಾಕಿ ಉಳಿಸಿಕೊಳ್ಳುತ್ತಾರೆ, ನಾನು ಮೆಟ್ಟಿಲ ಕೆಳಗಿನ ಸ್ವಿಚ್ಚಿಗೆ ಪ್ಲೇಟು ಹಾಕದೆ ಉಳಿಸಿಕೊಳ್ಳುತ್ತೇನೆ.

ಮೊನ್ನೆ ಅಂಥದೊಂದು ಹಳೆಯ ಮನೆಯ ಯಜಮಾನರ ಫೋನು ಬಂತು. ‘ಇಂಜಿನಿಯರ್ರೇ, ಮಗನ ಮದುವೆ ಗೊತ್ತಾಯ್ತು. ಮೇಲೊಂದು ಮಹಡಿ ಎಬ್ಬಿಸಬೇಕು. ನಿಮ್ಮ ಹಳೇ ಬಾಕೀನೂ ಅದರ ಲೆಕ್ಕಕ್ಕೇ ಸೇರಿಸ್ಕೊಳ್ಳಿ.’

‘ಆಗಲಿ ಸಾರ್,’ ಎಂದೆ. ‘ಆ ಸ್ವಿಚ್ಚಿನ ಪ್ಲೇಟನ್ನೂ ಅದರ ಜೊತೆಗೇ ಹಾಕಿಸ್ತೀನಿ.’